ಫಿರಂಗಿಗೆ ಇಟ್ಟ ಕುಂಕುಮ

“ದಿನಾ ಎಣ್ಣೆ ಹಚ್ಚಿದೆ, ಆದ್ರೂ ತುಕ್ಕು ಹಿಡೀತು ನೋಡಿ. ಕೋಟೆ ತೆರೆದ ದಿನ ಜನರಿಗೆ ಏನು ಮುಖ ತೋರಿಸ್ಲಿ?”

ಲಾಕ್‌ಡೌನಿಗೆ ಮುಚ್ಚಿದ್ದ, ಐರ್ಲೆಂಡಿನ ಕ್ರಾಸ್‌ಹೇವನ್ನಿನ ಸಮುದ್ರಕೋಟೆಯ ಹೊರಗೆ, ಫಿರಂಗಿ ನೋಡಿಕೊಳ್ಳುವ ಐರಿಷ್ ಅಜ್ಜ ಉಪ್ಪುಕಾಗದ ಹಿಡಿದು ಉಜ್ಜಲು ಬಗ್ಗಿದ್ದರು. ಅದು ತುಕ್ಕಲ್ಲ, ಹಿಂದಿನ ದಿನ ಆಯುಧಪೂಜೆಗೆಂದು ನಾನಿಟ್ಟ ಕುಂಕುಮ. ಕಾರು, ಮಿಕ್ಸಿ, ಲ್ಯಾಪ್‌ಟಾಪಿಗೆಲ್ಲ ಇಟ್ಟ ಮೇಲೆ, ದಿನವೂ ವಾಕಿಂಗಿನಲ್ಲಿ ಕಾಣುವ ಇದನ್ನೊಂದು ಬಿಡಲು ಮನಸ್ಸಾಗಿರಲಿಲ್ಲ.

ಎರಡು ಮೀಟರ್ ದೂರದಿಂದಲೇ ತಪ್ಪೊಪ್ಪಿಕೊಂಡೆ. “ಆ ಒಂದು ದಿನ ಆಯುಧಗಳಿಗೆ ಕೆಲಸ ಕೊಡಲ್ಲ, ಪೂಜೆ ಮಾಡ್ತೀವಿ” ಎಂದೆ.

ಮಾಸ್ಕಿನೊಳಗೇ ನಕ್ಕರು. “ಇದಕ್ಕೆ ಎಷ್ಟೋ ವರ್ಷದಿಂದ ದಿನಾ ಹಬ್ಬಾನೇ. ಗ್ರ್ಯಾಂಡ್, ಪರವಾಗಿಲ್ಲ, ಇರ್ಲಿ ಬಿಡಿ.”

ಮರುದಿನ ಫಿರಂಗಿಯೆಲ್ಲ ಎಣ್ಣೆಯಿಂದ ಹೊಳೆಯುತ್ತಿತ್ತು. ಕುಂಕುಮದ ಸುತ್ತ ಮಾತ್ರ ರೂಪಾಯಿಯಗಲ ಜಾಗವನ್ನು ಎಣ್ಣೆ ತಾಗದಂತೆ ಬಿಟ್ಟಿದ್ದರು.