ಸೂರ್ಯನ ದೊರೆಯ ಕಥೆಯನ್ನು ನಾನು ಅರ್ಧಕ್ಕೆ ನಿಲ್ಲಿಸಿದ್ದು

ನಾನು ಸುಳ್ಳು ಹೇಳಿದೆ. ಒಂದೇ ಪದದ ಸುಳ್ಳು — “ಒಪ್ಪಿದರು” ಎಂದೆ. ಅದನ್ನು ನಂಬಿ ಮುನಿವೆಂಕಟ ಬಲಗೈ ಕಳೆದುಕೊಂಡ, ಮನೆ ಕಳೆದುಕೊಂಡ. ನಾನು ಹೆಡ್‌ಮಾಸ್ಟರಾದೆ.

ಬೆಂಗಳೂರಿನ ಕಾಲೇಜಿನಲ್ಲಿ ಚರಿತ್ರೆ ಓದಿ, ಚಿನ್ನದ ಗಣಿಯ ಕೂಲಿ ಲೈನಿಗೆ, ಅಂದರೆ ಆಳುಗಳ ಸಾಲುಮನೆಗಳಿಗೆ, ಮೇಷ್ಟರಾಗಿ ಬಂದವನು ನಾನು. ಸಂಜೆ, ಪಾಳಿ ಮುಗಿಸಿದ ಆಳುಗಳಿಗೆ ಅಕ್ಷರ ಕಲಿಸುತ್ತಿದ್ದೆ. ಮುನಿವೆಂಕಟ ಬಂಡೆ ಕೊರೆಯುವವರ ಮೇಸ್ತ್ರಿ, ಬೂದಿಕೋಟೆ ಕಡೆಯವನು. ಶಾಲೆಯ ಗೋಡೆಗೆ ಮಣ್ಣು ಹೊತ್ತವನೂ ಅವನೇ. ಅಕ್ಷರ ಕೂಡಿಸಿ ಬರೆಯಲು ಕಲಿತ ವಾರದಲ್ಲೇ ಬಾಗಿಲ ಪಕ್ಕದ ಕಲ್ಲಿನ ಮೇಲೆ ಉಳಿ ಹಿಡಿದು ಎರಡು ಹೆಸರು ಕೆತ್ತಿದ — ಮೇಲೆ ನನ್ನದು, ಕೆಳಗೆ ತನ್ನದು.

ಗಣಿಯ ಬಾಯಲ್ಲಿ ಒಂದು ಮಾರಮ್ಮನ ಕಲ್ಲಿತ್ತು. ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಯಾರೂ ಕೇಜಿಗೆ, ಅಂದರೆ ಆಳುಗಳನ್ನು ಕೆಳಕ್ಕಿಳಿಸುವ ಕಬ್ಬಿಣದ ಪಂಜರಕ್ಕೆ, ಕಾಲಿಡುತ್ತಿರಲಿಲ್ಲ. ಪ್ರತಿ ಪಾಳಿಗೂ ಹೊತ್ತು ಹಾಳಾಗುತ್ತದೆಂದು ಗಣಿಯ ಬಿಳಿ ದೊರೆಗೆ ಸಿಟ್ಟು. ತಾನೇ ತೆಗೆಸಿದರೆ ದೊಂಬಿಯಾದೀತೆಂಬ ಭಯ. ನನ್ನನ್ನು ಬಂಗಲೆಗೆ ಕರೆಸಿ, ಕೂಲಿಗಳೇ ಅದನ್ನು ತೆಗೆಯುವಂತೆ ಏನಾದರೂ ಹೇಳು ಎಂದ. ಹೆಡ್‌ಮಾಸ್ಟರ ಜಾಗ ಖಾಲಿಯಿದೆ ಎಂದೂ ಹೇಳಿದ. ಮೂಢನಂಬಿಕೆ ತೊಲಗಲಿ ಎಂದು ನನಗೂ ಅನ್ನಿಸುತ್ತಿತ್ತು — ಅದು ನಿಜ. ಆದರೆ ಬಂಗಲೆಯ ಮೆಟ್ಟಿಲಿಳಿಯುವಾಗ ನನ್ನ ತಲೆಯಲ್ಲಿದ್ದದ್ದು ಆ ಕುರ್ಚಿ.

ಆ ಸಂಜೆ ಈಜಿಪ್ಟಿನ ದೊರೆ ಅಖೆನಾಟನ್ ಕಥೆ ಹೇಳಿದೆ. ಸಾವಿರಾರು ವರ್ಷಗಳ ಹಿಂದೆ ಅವನು ಸೂರ್ಯಬಿಂಬವೊಂದೇ ದೇವರೆಂದದ್ದು, ಹಳೆಯ ಗುಡಿಗಳನ್ನು ಮುಚ್ಚಿಸಿದ್ದು, ಅಮುನ್ ಎಂಬ ದೊಡ್ಡ ದೇವರ ಹೆಸರನ್ನೇ ಕಲ್ಲುಗಳಿಂದ ಕೆತ್ತಿ ತೆಗೆಸಿದ್ದು.

“ಆ ರಾಜನ್ನ ಒಂದ್ ದಪ ನಮ್ ಕೇಜಿನಾಗೆ ಇಳ್ಸಿ ಮೇಷ್ಟ್ರೇ,” ಎಂದ ಮುನಿವೆಂಕಟ. “ಕೆಳ್ಗೆ ಸೂರ್ಯ ಎಲ್ಲವ್ನೆ ತೋರುಸ್ಲಿ.”

ಎಲ್ಲರೂ ನಕ್ಕರು. ನಗು ಅಡಗಿದ ಮೇಲೆ ಅವನೇ ಕೇಳಿದ: “ಆಮೇಲೆ? ಜನ ಒಪ್ಪಿದ್ರಾ?”

ಏನಾಯಿತೆಂದು ನನಗೆ ಗೊತ್ತಿತ್ತು. ಜನ ತಮ್ಮ ಪುಟ್ಟ ದೇವರುಗಳನ್ನು ಮನೆಯೊಳಗೆ ಇಟ್ಟುಕೊಂಡೇ ಇದ್ದರು. ದೊರೆ ಸತ್ತ ಮೇಲೆ ಅವನ ಹೊಸ ಪಟ್ಟಣ ಹಾಳುಬಿತ್ತು. ಹಳೆಯ ಗುಡಿಗಳು ಮತ್ತೆ ತೆರೆದವು, ಅವನ ಹೆಸರನ್ನೇ ಉಳಿಯಿಂದ ಕಿತ್ತು ಹಾಕಿದರು. ಇಷ್ಟೂ ನನ್ನ ನಾಲಿಗೆಯ ತುದಿಯಲ್ಲಿತ್ತು —

“ಒಪ್ಪಿದರು,” ಎಂದೆ.

ಅವನು ಲೈನಿನಲ್ಲಿ ಎರಡು ವಾರ ವಾದ ಮಾಡಿದ. “ಅಷ್ಟ್ ದೊಡ್ಡ್ ರಾಜ್ಯದ ಜನಾನೇ ಒಪ್ಪವ್ರೆ, ನಮ್ದೇನ್ಲಾ? ಅಮ್ಮ ಎಲ್ಲಿದ್ರೂ ಅಮ್ನೇ.” ಕೊನೆಗೆ ಒಂದು ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು, ತಾನೊಬ್ಬನೇ ಆ ಕಲ್ಲನ್ನು ಎತ್ತಿ ಲೈನಿನ ಹಿಂದಿನ ಬೇವಿನ ಮರದಡಿ ಇಟ್ಟ. ನಿಂಬೆಹಣ್ಣು ಕುಯ್ದ.

ಒಂಬತ್ತನೆಯ ದಿನ ಕೆಳಗೆ ಬಂಡೆ ಸಿಡಿಯಿತು. ಆ ಅದುರಿಗೆ ಶಾಲೆಯ ಕರಿಹಲಗೆ ಗೋಡೆಯಿಂದ ಕಳಚಿ ಬಿತ್ತು. ಇಬ್ಬರು ಆಳುಗಳು ಜೀವಂತವಾಗಿ ಮೇಲೆ ಬರಲಿಲ್ಲ. ಮಾರಮ್ಮ ಅಲ್ಲಿದ್ದಾಗಲೂ ಎಷ್ಟೋ ಸಲ ಬಂಡೆ ಸಿಡಿದಿತ್ತು. ಅದನ್ನಾದರೂ ಹೇಳಬಹುದಿತ್ತು, ಹೇಳಲಿಲ್ಲ.

ಜನ ಮುನಿವೆಂಕಟನನ್ನು ಎಳೆದುಕೊಂಡು ಶಾಲೆಯ ಜಗುಲಿಗೇ ಬಂದರು. ಕೈಗಳಲ್ಲಿ ಬಂಡೆ ಕೊರೆಯುವ ಹಾರೆಗಳು. ಒಂದು ಹಾರೆಯ ತುದಿ ನನ್ನ ಎದೆಯಿಂದ ಒಂದು ಗೇಣು ದೂರದಲ್ಲಿತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಅದೇ ತುದಿ. ಅದಕ್ಕೆ ಮೆತ್ತಿದ್ದ ಬೂದು ಬಣ್ಣದ ಪುಡಿ.

“ನೀವೇ ಏಳಿ ಮೇಷ್ಟ್ರೇ,” ಎಂದ ಮುನಿವೆಂಕಟ. “ಒಪ್ಪಿದ್ರು ಅಂದ್ರಲ್ಲ?”

“ನಾನು ಹೇಳಿದ್ದು ಕಥೆ,” ಎಂದೆ. “ಕಲ್ಲೆತ್ತು ಅಂತ ನಾನು ಹೇಳಲಿಲ್ಲ.”

ಹಾರೆ ನನ್ನಿಂದ ಅವನ ಕಡೆ ತಿರುಗಿತು. ಅವನ ಬಲಗೈಯ ಮೂಳೆ ಮುರಿದ ಸದ್ದು — ಬೇಡ. ನಾನು ಒಳಗೆ ಹೋಗಿ ಅಗಳಿ ಹಾಕಿಕೊಂಡೆ. ಇಷ್ಟು ಬರೆದರೆ ಸಾಕು.

ಮರುದಿನ ಬಿಳಿ ದೊರೆ ಮಾರಮ್ಮನ ಕಲ್ಲನ್ನು ಮೊದಲಿನ ಜಾಗಕ್ಕೇ ತರಿಸಿ, ತಾನೇ ಹಾರ ಹಾಕಿದ. ಜನ ಕೈಮುಗಿದರು, ಕೇಜು ಇಳಿಯಿತು. ಮುನಿವೆಂಕಟನ ಮನೆಯನ್ನು ಖಾಲಿ ಮಾಡಿಸಿದರು. ಹೆಂಡತಿ ತಲೆಯ ಮೇಲೆ ಗಂಟು ಹೊತ್ತು, ಅವನು ಕೈಯನ್ನು ಪಂಚೆಯ ತುಂಡಿನಲ್ಲಿ ತೂಗುಹಾಕಿಕೊಂಡು, ಮಾರಿಕುಪ್ಪಂ ಸ್ಟೇಷನ್ನಿನ ಕಡೆ ನಡೆದದ್ದನ್ನು ಕಿಟಕಿಯ ಸಂದಿಯಿಂದ ನೋಡಿದೆ. ಶಾಲೆಯ ಮುಂದೆ ಒಂದು ಗಳಿಗೆ ನಿಂತ. ಕರೆಯುತ್ತಾನೇನೋ ಎಂದು ಕಿಟಕಿಯಿಂದ ಹಿಂದೆ ಸರಿದೆ. ಕರೆಯಲಿಲ್ಲ.

ಆ ವಾರವೇ ಯಾರೋ ಬಾಗಿಲ ಪಕ್ಕದ ಕಲ್ಲಿನಿಂದ ಅವನ ಹೆಸರನ್ನು ಉಳಿಯಿಂದ ಕಿತ್ತರು. ನನ್ನದನ್ನು ಮುಟ್ಟಲಿಲ್ಲ. ಹೆಡ್‌ಮಾಸ್ಟರಾಗಿ ಹದಿನೆಂಟು ವರ್ಷ ಅದೇ ಬಾಗಿಲಿನಿಂದ ಒಳಗೆ ಹೋದೆ, ಹೊರಗೆ ಬಂದೆ.

ಹೋದ ತಿಂಗಳು ಬಂಗಾರಪೇಟೆಯ ಸಂತೆಯಲ್ಲಿ ಅವನ ಊರಿನವರು ಸಿಕ್ಕರು. ಅವನು ಸತ್ತು ಆರು ವರ್ಷವಾಯಿತಂತೆ. ಎಡಗೈಯಲ್ಲಿ ಕೋಲು ಹಿಡಿದು ದನ ಕಾಯುತ್ತಿದ್ದನಂತೆ. ಮಕ್ಕಳನ್ನು ಕೂರಿಸಿಕೊಂಡು, ಒಂದೇ ಸೂರ್ಯನನ್ನು ಪೂಜಿಸಿದ ರಾಜನ ಕಥೆ ಹೇಳುತ್ತಿದ್ದನಂತೆ. “ಜನ ಒಪ್ಪಿದ್ರು ಅಂತಾನೇ ಏಳ್ತಿದ್ದ,” ಎಂದರು.

ನನ್ನ ಸುಳ್ಳನ್ನು ಅವನು ಕೊನೆಯವರೆಗೂ ನಿಜವೆಂದೇ ನಂಬಿದ್ದ.

ಇವತ್ತು ಶಾಲೆಗೆ ಹೋಗಿ ಆ ಕಲ್ಲಿನ ಮುಂದೆ ಕೂತಿದ್ದೆ. ಅವನ ಹೆಸರಿದ್ದ ಕಡೆ ಒಂದು ಗುಳಿ. ಅದರ ಮೇಲೆ, ಒಂದಕ್ಷರವೂ ಸವೆಯದೆ, ನನ್ನ ಹೆಸರು — ಅವನ ಬಲಗೈ ಕೆತ್ತಿದ್ದು.