ಬೋಂಡಾ ಎಣ್ಣೆ ಕುಡಿದ ಹಸು

ಅವಲಪಲ್ಲಿಯ ಹಸುವೊಂದು ಬೋಂಡಾ ವಾಸನೆಯ ತೇಗು ತೇಗಿದೆ. ಪತ್ರಿಕೆಗಳು ಗಮನಿಸದ ಕಾರಣ ನಾನೇ ವರದಿ ಮಾಡುತ್ತಿದ್ದೇನೆ.

ಹಸು ಮೆಲುಕು ಹಾಕುತ್ತಿಲ್ಲವೆಂದು ಅದರ ಒಡತಿ ಮುನಿರತ್ನಮ್ಮ ದನದ ಡಾಕ್ಟರಾದ ನನ್ನನ್ನು ಕರೆಸಿದ್ದರು. ಹಾಲಿನಲ್ಲಿ ಫ್ಯಾಟು ಕಡಿಮೆ, ಇನ್ನೂ ಇಳಿದರೆ ಹಾಲು ಬೇಡ ಎಂದು ಡೈರಿಯವರು ಹೇಳಿದ್ದರಂತೆ. ಗಂಡನದು ಬೋಂಡಾ ಅಂಗಡಿ. ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಆಕೆ ಅಂದಿನಿಂದ ದಿನವೂ ಬೂಸಾಕ್ಕೆ ಸುರಿಯುತ್ತಿದ್ದರು.

"ಫ್ಯಾಟು ಬೇಕಂದ್ರೆ ಫ್ಯಾಟೇ ಅಲ್ವಾ ಸಾರ್ ಹಾಕ್ಬೇಕು?"

"ಹುಲ್ಲು ಅರಗಿಸೋ ಸೂಕ್ಷ್ಮಜೀವಿಗಳು ಹಸು ಹೊಟ್ಟೇಲಿ ಇರ್ತವಮ್ಮ. ಎಣ್ಣೆ ಜಾಸ್ತಿಯಾದ್ರೆ ಅವು ಸಾಯ್ತವೆ. ಹುಲ್ಲು ಅರಗದೆ ಹೋದ್ರೆ ಹಾಲಿನ ಫ್ಯಾಟು ಇನ್ನೂ ಇಳಿಯುತ್ತೆ."

ಆಕೆ ಪಕ್ಕದಲ್ಲಿ ನಿಂತಿದ್ದ ಗಂಡನ ಹೊಟ್ಟೆಯನ್ನು ದೀರ್ಘವಾಗಿ ನೋಡಿದರು. "ಮದ್ವೆ ಆದಾಗಿಂದ ಇವ್ರು ಅದೇ ಎಣ್ಣೆ ತಿಂತಾವ್ರೆ. ಏನೂ ಆಗಿಲ್ವಲ್ಲ?"

"ಅವರು ಹುಲ್ಲು ತಿನ್ನಲ್ಲವಲ್ಲಮ್ಮ."

"ಅದೊಂದು ಬಾಕಿ."

ಗಂಡ ಆಕಾಶ ನೋಡಿದ. ಆಕೆ ಹಸುವಿನ ಕೊರಳು ಸವರಿ, ದನಿ ತಗ್ಗಿಸಿ ಕೇಳಿದರು: "ಬದುಕ್ತದಾ ಸಾರ್?"

ಎಣ್ಣೆ ನಿಲ್ಲಿಸಿ ಒಣ ರಾಗಿಹುಲ್ಲು ಹಾಕಿಸಿದೆ. ಕೆಲವು ದಿನಗಳಲ್ಲಿ ಹಸು ಮೆಲುಕು ಹಾಕತೊಡಗಿತು. ಫ್ಯಾಟು ಎಣ್ಣೆಗೆ ಮುಂಚೆ ಇದ್ದಷ್ಟಕ್ಕೇ ಬಂದು ನಿಂತಿತು. ಡೈರಿಯವರು ಹಾಲು ತೆಗೆದುಕೊಂಡರು.