ಜುಂಜಮ್ಮನ ಮಾವಿನ ಗಿಡ, ದೇವರ ಟಗರು

ಜವನಗೊಂಡನಹಳ್ಳಿಯಲ್ಲಿ ಹೈವೇ ಪಕ್ಕ ನನ್ನದೊಂದು ನರ್ಸರಿ ಇದೆ. ಗಿಡ ಕೊಳ್ಳಲು ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಯಾವಾಗ ನೆಡಬೇಕು? ನನ್ನ ಉತ್ತರವೂ ಒಂದೇ. ಮೃಗಶಿರ ಮಳೆ ಬಿದ್ದು ನೆಲ ಹದವಾದ ಮೇಲೆ, ಸಂಜೆ ಹೊತ್ತು, ಬೇರಿನ ಮಣ್ಣು ಒಡೆಯದಂತೆ. ಎಲ್ಲರೂ ತಲೆಯಾಡಿಸಿ ಹೋಗುತ್ತಾರೆ. ಹೋಗಿ ಮಟಮಟ ಮಧ್ಯಾಹ್ನ ನೆಟ್ಟು, ಗಿಡ ಒಣಗಿತು ಎಂದು ನನ್ನ ಮೇಲೇ ಜಗಳಕ್ಕೆ ಬರುತ್ತಾರೆ. ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದವಳು ಈ ಹೋಬಳಿಯಲ್ಲಿ ಒಬ್ಬಳೇ, ಗೊಲ್ಲರ ಹಟ್ಟಿಯ ಜುಂಜಮ್ಮ. ಹಾಗೆ ನೆಟ್ಟ ಅವಳ ಗಿಡ ಒಂದೂ ಉಳಿಯಲಿಲ್ಲ.

ಪ್ರತಿ ವರ್ಷ ಮೃಗಶಿರದ ಮೊದಲ ಮಳೆಯ ಮಾರನೇ ದಿನ ಬಂದು ಒಂದು ಮಾವಿನ ಗಿಡ ಒಯ್ಯುತ್ತಿದ್ದಳು. ಎರಡನೆಯದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಇಷ್ಟು ವರ್ಷಕ್ಕೆ ಅವಳ ಮನೆಯ ಹತ್ತಿರ ಒಂದು ತೋಪೇ ಎದ್ದಿರಬೇಕು ಎಂದುಕೊಂಡಿದ್ದೆ. ಒಮ್ಮೆ ತಡೆಯಲಾರದೆ ಕೇಳಿದೆ.

"ಗಿಡ ಎಲ್ಲಾ ಹೆಂಗವೆ ಜುಂಜಮ್ಮ?"

"ಇಲ್ಲ."

"ಇಲ್ಲ ಅಂದ್ರೆ?"

"ದೇವ್ರು ತಿಂತು."

ಅವಳು ತಮಾಷೆ ಮಾಡುವ ಹೆಂಗಸಲ್ಲ. ದೇವರು ಎಂದರೆ ಟಗರು. ಅವಳ ಗಂಡ ಗೊಲ್ಲಪ್ಪ ಕುರಿ ಸಾಕುವವನು. ಸಂಕ್ರಾಂತಿ ಕಳೆದು ಇಲ್ಲಿ ಮೇವು ತೀರಿದ ಮೇಲೆ ಮಂದೆ ಹೊಡೆದುಕೊಂಡು ಹೊಸದುರ್ಗ, ಹೊಳಲ್ಕೆರೆ ಕಡೆ ಹೋಗುತ್ತಾನೆ. ಅಲ್ಲಿಯ ತೋಟಗಳವರು ಗೊಬ್ಬರಕ್ಕೆಂದು ರಾತ್ರಿ ಹೊತ್ತು ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಊರಲ್ಲಿ ಮಳೆ ಬಿದ್ದು ಹುಲ್ಲು ಚಿಗುರಿತು ಎಂಬ ಸುದ್ದಿ ಸಿಕ್ಕಿದರೆ ವಾಪಸು ಬರುತ್ತಾನೆ. ಮಂದೆಯ ಮುಂದೆ ಮನೆದೇವರು ಜುಂಜಪ್ಪನಿಗೆ ಬಿಟ್ಟ ಟಗರು ನಡೆಯುತ್ತದೆ. ಅದು ಮನೆಗೆ ಬರುವ ದಿನ ಅಂಗಳದಲ್ಲಿ ಒಂದು ಮುಳ್ಳೂ ಇರಬಾರದು, ಬೇಲಿ ಇದ್ದರೆ ಕಿತ್ತು ಹಾಕಬೇಕು. ಟಗರು ಎತ್ತ ಹೋದರೂ ತಡೆಯಬಾರದು, ಏನಕ್ಕೆ ಬಾಯಿ ಹಾಕಿದರೂ ಬಿಡಿಸಬಾರದು. ಇದು ಅವರ ಮನೆಯಲ್ಲಿ ತಾತನ ಕಾಲದಿಂದ ನಡೆದು ಬಂದ ಪದ್ಧತಿ.

ಟಗರು ನೇರ ಮಾವಿನ ಗಿಡಕ್ಕೇ ಬಾಯಿ ಹಾಕುತ್ತಿತ್ತು. ಅದು ಒಂದು ಬಾಯಿ ಹಾಕಿದರೆ ಹಿಂದಿನ ಕುರಿಗಳೆಲ್ಲ ಪ್ರಸಾದ ಎನ್ನುವಂತೆ ನುಗ್ಗುತ್ತಿದ್ದವು. ಜುಂಜಮ್ಮ ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಸಂಜೆಗೆ ಒಂದು ಕಡ್ಡಿ ಉಳಿದಿರುತ್ತಿತ್ತು.

ಮಾವೇ ಏಕೆ ಎಂದು ಕೇಳಿದೆ. ಸೀತಾಫಲ ನೆಡು, ಕುರಿ ಮೂಸಿ ನೋಡಿ ಮುಂದೆ ಹೋಗುತ್ತದೆ, ಹಣ್ಣೂ ಬರುತ್ತದೆ ಎಂದೆ. ಅವಳಿಗೆ ಹಣ್ಣು ಬೇಕಿರಲಿಲ್ಲ, ಎಲೆ ಬೇಕಿತ್ತು. ಹಟ್ಟಿಯ ಆಚೆ ಬೀದಿಯ ಸರ್ವಮಂಗಳಮ್ಮನ ಮನೆ ಮುಂದೆ ದೊಡ್ಡ ಮಾವಿನ ಮರವಿದೆ. ಹಬ್ಬ ಬಂದರೆ ಹಟ್ಟಿಯವರೆಲ್ಲ ತೋರಣಕ್ಕೆ ಅಲ್ಲಿಗೇ ಹೋಗಬೇಕು. ಒಂದು ಯುಗಾದಿಯಲ್ಲಿ ಜುಂಜಮ್ಮ ಎಲೆ ಕೀಳುತ್ತಿದ್ದಾಗ ಸರ್ವಮಂಗಳಮ್ಮ, "ಏನೇ ಜುಂಜಮ್ಮ, ನೀನೂ ನಿಮ್ ಕುರಿ ತರಾನೇ ಮೇಯ್ತಿಯಲ್ಲೇ" ಎಂದಿದ್ದಳು. ಸುತ್ತ ನಿಂತವರು ನಕ್ಕಿದ್ದರು. ಆಡಿದವಳು ಮನೆಯೊಳಕ್ಕೆ ಹೋಗುವಷ್ಟರಲ್ಲಿ ಅದನ್ನು ಮರೆತಿದ್ದಳು. ಜುಂಜಮ್ಮ ಕಿತ್ತ ಎಲೆಗಳನ್ನು ಮರದ ಬುಡದಲ್ಲೇ ಇಟ್ಟು ಬಂದಿದ್ದಳು. ಆ ಯುಗಾದಿಗೆ ಅವಳ ಬಾಗಿಲಿಗೆ ತೋರಣವಿರಲಿಲ್ಲ.

"ನಮ್ ಲತಾನ ಮದ್ವೆಗೆ ನಮ್ ಗಿಡದ್ದೇ ಎಲೆ ಕಟ್ಬೇಕು. ಇನ್ನೊಬ್ರ ಮರ ಮುಟ್ಟಾಕಿಲ್ಲ ನಾನು" ಎಂದಳು. ಮಗಳು ಲತಾ ಆಗ ಹಿರಿಯೂರಿನ ಕಾಲೇಜಿಗೆ ಹೋಗುತ್ತಿದ್ದಳು. ಗಂಡು ಹುಡುಕುವ ಮಾತು ಇನ್ನೂ ಶುರುವಾಗಿರಲಿಲ್ಲ. ಜುಂಜಮ್ಮನಿಗೆ ಮಾತ್ರ ಅವಸರ ಶುರುವಾಗಿತ್ತು.

ನಾನು ಯೋಚಿಸಿದೆ. ಗಿಡ ನೆಡುವುದಕ್ಕೆ ಮಳೆ ಬರಬೇಕು. ಮಳೆ ಬಂದರೆ ಟಗರು ಬರುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ನನ್ನ ಸುದೀರ್ಘ ಅನುಭವದಲ್ಲಿ ಇದಕ್ಕೆ ಪರಿಹಾರವಿರಲಿಲ್ಲ, ಹಾಗೆಂದು ಹೇಳಿ ಕಳಿಸಿದೆ.

ಮುಂದಿನ ಸಂಕ್ರಾಂತಿ ಕಳೆದು ಗೊಲ್ಲಪ್ಪನ ಮಂದೆ ಊರು ಬಿಟ್ಟ ವಾರದಲ್ಲೇ ಜುಂಜಮ್ಮ ಮತ್ತೆ ಬಂದಳು. ಗಿಡ ಬೇಕು, ಈಗಲೇ ಬೇಕು ಎಂದಳು. ನನಗೆ ಸಿಟ್ಟು ಬಂತು. ಮಾಘ ಮಾಸದಲ್ಲಿ ಮಾವು ನೆಡುವುದೆಂದರೆ ಕೂಸನ್ನು ಬಿಸಿಲಿಗೆ ಮಲಗಿಸಿದ ಹಾಗೆ. ಮುಂದೆ ಇರುವುದೆಲ್ಲ ಬೇಸಿಗೆ, ಅದೂ ಹಿರಿಯೂರಿನ ಬೇಸಿಗೆ. ಬೈದೆ. ಅವಳು ಕೇಳಿಸಿಕೊಂಡಳು, ಕೇಳಿಸಿಕೊಂಡು ಶೆಡ್ಡಿನ ಮೂಲೆಯತ್ತ ಕೈ ತೋರಿಸಿದಳು. ಅಲ್ಲಿ ಎರಡು ವರ್ಷದಿಂದ ಯಾರೂ ಕೊಳ್ಳದೆ ಉಳಿದ ಒಂದು ಮಾವಿನ ಗಿಡವಿತ್ತು. ಚೀಲದೊಳಗೆ ಬೇರು ಸುರುಳಿ ಸುತ್ತಿಕೊಂಡು, ಎದೆಯೆತ್ತರ ಸೊರಗಿ ಬೆಳೆದಿತ್ತು. ನೋಡಲು ಕಾಯಿಲೆ ಬಿದ್ದು ಎದ್ದವನ ಹಾಗಿತ್ತು.

"ಅದ್ಯಾಕೆ?"

"ಟಗ್ರಿಗಿಂತ ಎತ್ರ ಐತೆ."

ಅವಳು ಅದನ್ನು ನೆಟ್ಟಳು. ತಳದಲ್ಲಿ ತೂತು ಮಾಡಿದ ಮಡಕೆಯನ್ನು ಬುಡದ ಪಕ್ಕ ಹೂತು, ತೂತಿಗೆ ಬಟ್ಟೆ ಬತ್ತಿ ತುರುಕಿದಳು. ಸ್ನಾನದ ನೀರು, ಅಕ್ಕಿ ತೊಳೆದ ನೀರು, ಬಟ್ಟೆ ಅಲುಬಿದ ನೀರು ಎಲ್ಲ ಆ ಮಡಕೆಗೆ. ಬಿಸಿಲಿಗೆ ಹಳೆ ಸೀರೆ ಕಟ್ಟಿದಳು. ಹಟ್ಟಿಗೆ ಬಂದ ನೆಂಟರು ಸೀರೆ ಉಟ್ಟ ಗಿಡ ಯಾವ ದೇವರೆಂದು ಕೇಳಿ ಕೈ ಮುಗಿದು ಹೋದದ್ದೂ ಉಂಟು. ಗಿಡ ಸಾಯಲಿಲ್ಲ. ಇದು ನನಗೆ ಇವತ್ತಿಗೂ ಸ್ವಲ್ಪ ಅವಮಾನದ ವಿಷಯ.

ಮೃಗಶಿರ ಬಂತು. ಗಿಡ ಚಿಗುರಿತ್ತು, ಆದರೆ ಕಾಂಡ ಕಿರುಬೆರಳಿನ ಗಾತ್ರ. ಟಗರು ಎದೆ ಕೊಟ್ಟರೆ ಬಗ್ಗಿ ಅದರ ಬಾಯಿಗೇ ಬರುವಂತಿತ್ತು. ಇನ್ನೆರಡು ತಿಂಗಳಾದರೂ ಬೇಕು ಎಂದು ನಾನೇ ಹೇಳಿದೆ. ಅವಳು ಮಡಕೆಗೆ ಹಾಕಲು ಗೊಬ್ಬರ ಕೇಳಿಕೊಂಡು ನರ್ಸರಿಗೆ ಬಂದಿದ್ದ ದಿನ ಮಳೆ ಹಿಡಿದುಕೊಂಡಿತು. ತಗಡಿನ ಶೆಡ್ಡಿನ ಮೇಲೆ ಕಲ್ಲು ಸುರಿದ ಹಾಗೆ ಸದ್ದು. ಅದೇ ಹೊತ್ತಿಗೆ ಅವಳ ಮೊಬೈಲು ಬಡಿದುಕೊಂಡಿತು. ಹೊಳಲ್ಕೆರೆಯಿಂದ ಗೊಲ್ಲಪ್ಪ. ಇಬ್ಬರೂ ಕಿರುಚಿ ಮಾತಾಡುವ ಜನ, ಹಾಗಾಗಿ ನನಗೆ ಎರಡೂ ಕಡೆಯದು ಕೇಳಿಸಿತು.

"ಊರಾಗೆ ಮಳೆ ಆತೇನೇ?"

"ಎಲ್ಲಿ ಮಳೆ? ಒಂದು ಹನಿ ಇಲ್ಲ!"

"ಮತ್ತೆ ಅದೇನು ಸದ್ದು?"

ಜುಂಜಮ್ಮ ನನ್ನ ಮುಖ ನೋಡಿದಳು. "ಹಾಲೇಶಣ್ಣ ಮೋಟ್ರು ಹಾಕವ್ನೆ!"

ಆ ಕಡೆ ಗೊಲ್ಲಪ್ಪ ಯಾವುದೋ ಕುರಿಯನ್ನು ಗದರಿಸಿದ. ಆಮೇಲೆ, "ಸರಿ. ಮಳೆ ಆದ್ಮೇಲೆ ಹೇಳು" ಎಂದು ಫೋನಿಟ್ಟ.

ನನ್ನ ಮೋಟರು ಹಿಂದಿನ ಬೇಸಿಗೆಯಲ್ಲೇ ಸುಟ್ಟುಹೋಗಿತ್ತು. ನಾನು ಟ್ಯಾಂಕರ್ ನೀರು ಹಾಕಿಸಿಕೊಳ್ಳುವುದು ಇಡೀ ಹೋಬಳಿಗೆ ಗೊತ್ತು. ಇಷ್ಟು ಸದ್ದಿನ ಮೋಟರು ನನ್ನ ಹತ್ತಿರ ಎಂದೂ ಇರಲಿಲ್ಲ.

ಆರಿದ್ರಾ ಮಳೆ ಆರದೆ ಹುಯ್ಯುತ್ತದೆ ಎನ್ನುತ್ತಾರೆ. ಆ ಗಾದೆ ಮಾಡಿದವನು ನಮ್ಮ ಕಡೆಯವನಲ್ಲ. ಆದರೆ ಆ ವರ್ಷ ಇಲ್ಲೂ ಒಳ್ಳೆಯ ಮಳೆಯಾಗಿ ಹುಲ್ಲು ಮೊಣಕಾಲು ಮುಟ್ಟಿತು. ಜುಂಜಮ್ಮ ಮಾತ್ರ ಪ್ರತಿ ಫೋನಿಗೂ "ಬರೀ ಮೋಡ" ಎನ್ನುತ್ತಿದ್ದಳು. ಗಿಡ ದಪ್ಪವಾಗುತ್ತಿತ್ತು, ಅವಳು ಸಣ್ಣಗಾಗುತ್ತಿದ್ದಳು. ಇಲ್ಲಿ ಇಷ್ಟು ಮಳೆಯಾದರೆ ಹೊಳಲ್ಕೆರೆ ಕಡೆ ಇನ್ನೂ ಹೆಚ್ಚು ಎಂಬುದು ಅವಳಿಗೆ ಗೊತ್ತಿತ್ತು. ಕೆಸರಲ್ಲಿ ನಿಂತ ಕುರಿಗೆ ಗೊರಸು ಕೊಳೆಯುತ್ತದೆ. ಕುರಿಯವನಿಗೆ ಒಂದು ಟಾರ್ಪಾಲು, ಒಂದು ಕಂಬಳಿ, ಅಷ್ಟೇ.

ಗೌರಿ ಹಬ್ಬಕ್ಕೆ ಇನ್ನೂ ಸ್ವಲ್ಪ ದಿನವಿದ್ದಾಗ ನರ್ಸರಿಗೆ ಬಂದು ಬೆಂಚಿನ ಮೇಲೆ ಕುಂತಳು. ಏನೂ ಕೇಳಲಿಲ್ಲ. ಆಮೇಲೆ ಅತ್ತಳು.

"ಫೋನಾಗೆ ಬರೀ ಕೆಮ್ತಾರೆ ಹಾಲೇಶಣ್ಣ. ಕೇಳಿದ್ರೆ ಏನಿಲ್ಲ ಅಂತಾರೆ. ಎರಡು ಕುರಿ ಕುಂಟ್ತಾವಂತೆ. ನನ್ ಒಂದು ತೋರಣಕ್ಕೆ ಆ ಮನುಷ್ಯನ್ನ ನೀರಾಗೆ ನಿಲ್ಸಿದೀನಿ."

ಇನ್ನು ಹದಿನೈದು ದಿನ ತಡೆದರೆ ಗಿಡ ಗಟ್ಟಿಯಾಗುತ್ತದೆ ಎನ್ನಲು ಬಾಯಿ ತೆರೆದೆ. ಗಿಡ ಮಾರುವವನ ಬುದ್ಧಿ. ಅಷ್ಟರಲ್ಲಿ ಅವಳು ಮೊಬೈಲು ತೆಗೆದು ಒತ್ತಿಯಾಗಿತ್ತು.

"ಮಳೆ ಬಂತು, ಬರ್ರಿ" ಎಂದಳು. ಆ ದಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಫೋನಿಟ್ಟು ನನಗೆ ಹೇಳಿದಳು: "ಗಿಡ ಹೋದ್ರೆ ಹೋಗ್ಲಿ. ಮನುಷ್ಯ ಬರ್ಲಿ."

ಮಂದೆ ಬರುವ ದಿನ ನಾನೂ ಹೋದೆ. ಅಂಗಳದ ಮುಳ್ಳನ್ನೆಲ್ಲ ಅವಳೇ ಕಿತ್ತು ಗುಡಿಸಿದ್ದಳು. ಗಿಡದ ಸೀರೆಯನ್ನೂ ಬಿಚ್ಚಿದ್ದಳು. ಆರತಿ ತಟ್ಟೆ ಹಿಡಿದು ಗಿಡಕ್ಕೆ ಬೆನ್ನು ಹಾಕಿ ನಿಂತಿದ್ದಳು. ಲತಾ ಬಾಗಿಲಲ್ಲಿದ್ದಳು. ದೂರದಲ್ಲಿ ಗಂಟೆ ಸದ್ದು ಕೇಳಿಸಿತು, ಧೂಳು ಕಾಣಿಸಿತು. ಆದರೆ ಮಂದೆಯ ಮುಂದೆ ಟಗರು ಕಾಣಲಿಲ್ಲ.

ಟಗರು ಗೊಲ್ಲಪ್ಪನ ಹೆಗಲ ಮೇಲಿತ್ತು. ಮೊದಲೇ ಬಡಕಲು ಆಳು. ಟಗರು ಅವನಿಗಿಂತ ಚೆನ್ನಾಗಿ ತಿಂದುಂಡು ಬೆಳೆದದ್ದು. ಮುಂಗಾಲು ಒಂದು ಕೈಯಲ್ಲಿ, ಹಿಂಗಾಲು ಇನ್ನೊಂದು ಕೈಯಲ್ಲಿ, ನಡುವೆ ಕೆಮ್ಮು. ಹಾಗೇ ಅಂಗಳ ಹೊಕ್ಕು, ಮಾವಿನ ಗಿಡ ದಾಟಿ, ಬಾಗಿಲ ಹತ್ತಿರ ಹಾಕಿದ್ದ ಶೇಂಗಾ ಹೊಟ್ಟಿನ ರಾಶಿಯ ಮುಂದೆ ದೇವರನ್ನು ಇಳಿಸಿದ. ದೇವರು ಹೊಟ್ಟಿಗೆ ಬಾಯಿ ಹಾಕಿತು. ಹಿಂದಿನ ಕುರಿಗಳೂ ಅತ್ತಲೇ ನುಗ್ಗಿದವು. ಗಿಡ ಅಲ್ಲಾಡಿತು, ನಿಂತಿತು.

ಹಟ್ಟಿಯ ಹಿರಿಯನೊಬ್ಬ, "ಇದೆಂಥ ಪದ್ಧತಿಯೋ ಗೊಲ್ಲಪ್ಪ?" ಎಂದ.

"ತಡೀಬಾರ್ದು ಅಂತ ಐತೆ. ಹೊರಬಾರ್ದು ಅಂತ ಯಾರೂ ಹೇಳಿಲ್ಲ" ಎಂದ ಗೊಲ್ಲಪ್ಪ, ಉಸಿರು ಹಿಡಿದುಕೊಂಡು. ಆಮೇಲೆ ಹೆಂಡತಿಯ ಕಡೆ ತಿರುಗಿದ. "ಹಾಲೇಶನ ಮೋಟ್ರು ಸುಟ್ಟು ವರ್ಷ ಆತಲ್ಲೇ. ಗಿಡದ್ದು ಲತಾನೂ ಹೇಳಿದ್ಲು."

"ಗೊತ್ತಿದ್ದೂ ಯಾಕ್ ಬರ್ಲಿಲ್ಲ?"

"ನೀನು ಬಾ ಅನ್ಲಿಲ್ಲ."

ಜುಂಜಮ್ಮ ಆರತಿ ಬೆಳಗಬೇಕಾಗಿದ್ದದ್ದು ಟಗರಿಗೆ. ತಟ್ಟೆ ಹಿಡಿದ ಕೈ ಗಂಡನ ಮುಖದ ಮುಂದೆ ಒಂದು ಸುತ್ತು ಹೋಯಿತು. ಅವನು ಸಂಕೋಚದಿಂದ ಅತ್ತ ತಿರುಗಿ ಕೆಮ್ಮಿದ. ನಾನು ಗಿಡದ ಬುಡದ ಮಣ್ಣು ಸರಿಮಾಡಲು ಬಗ್ಗಿದೆ.

ಅದಾಗಿ ಕೆಲವು ವರ್ಷಕ್ಕೆ, ಈ ವೈಶಾಖದಲ್ಲಿ ಲತಾನ ಮದುವೆಯಾಯಿತು. ಗಿಡ ಈಗ ಚಪ್ಪರದೆತ್ತರವಿದೆ. ಸರ್ವಮಂಗಳಮ್ಮ ಬೆಳಿಗ್ಗೆಯೇ ಒಂದು ಚೀಲ ಮಾವಿನೆಲೆ ತಂದು, "ನಿಂದು ಎಳೇ ಗಿಡ, ಸಾಲಾಕಿಲ್ಲ ಅಂತ ತಂದೆ ಕಣೆ" ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಂದಿದ್ದಳು. ಜುಂಜಮ್ಮ ಎರಡೂ ಕೈಯಲ್ಲಿ ಇಸಿದುಕೊಂಡು, "ಶಾಮಿಯಾನಕ್ಕೆ ಕಟ್ಟುಸ್ತೀನಿ, ಕುಂತ್ಕಳ್ರಿ ಅಕ್ಕಾ, ಕಾಫಿ ಕುಡೀರಿ" ಎಂದಳು. ಬಾಗಿಲಿಗೆ, ಹಸೆಯ ಕಂಬಗಳಿಗೆ, ಕಳಸಕ್ಕೆ, ಕೊನೆಗೆ ಬಚ್ಚಲಿನ ಬಾಗಿಲಿಗೂ ತನ್ನ ಗಿಡದ ಎಲೆಯನ್ನೇ ಕಟ್ಟಿದ್ದಳು.

ನಾನು ಗಿಡ ನೋಡಿ ಹೌಹಾರಿದೆ. ತುದಿಯಲ್ಲಿ ನಾಲ್ಕು ಎಲೆ ಬಿಟ್ಟರೆ ಕೊಂಬೆಗಳೆಲ್ಲ ಬೋಳು. ಮದುವೆ ಮನೆ ಎಂಬುದನ್ನೂ ಮರೆತು ಬೈದೆ.

"ಏನ್ ಜುಂಜಮ್ಮ ಇದು? ಟಗರೂ ಹಿಂಗೆ ಮೇಯಾಕಿಲ್ಲ!"

ಜುಂಜಮ್ಮ ತೋರಣದ ಗಂಟು ಬಿಗಿ ಮಾಡುತ್ತಿದ್ದವಳು ತಿರುಗಲೂ ಇಲ್ಲ.

"ಮೇಯ್ಲಿ ಬಿಡಣ್ಣ" ಎಂದಳು. "ನಮ್ದೇ ಗಿಡ."